ಬಿಸಿಯಾದರೆ ಮುನಿಯುವ ಬೈಕು

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂಬದಿಯ ರಸ್ತೆ, ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆ. ನಮ್ಮ ವಠಾರದ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತ ನೂರು ಸಿಸಿಯ ಬೈಕಿಗೆ ಒಂದೇ ಸಮನೆ ಕಿಕ್ ಹೊಡೆಯುತ್ತಿದ್ದ. ಹಿಂದಿನ ಸೀಟಿನ ಮೇಲೆ ಎರಡು ಕ್ರೇಟು ದೋಸೆ ಹಿಟ್ಟು. ಅವನು ಇಂಡಿ ತಾಲ್ಲೂಕಿನಿಂದ ಬಂದು ಐದು ವರ್ಷವಾಯಿತು. ಧನಕವಡಿಯಲ್ಲಿ ರುಬ್ಬಿದ ಹಿಟ್ಟನ್ನು ಬಿಬ್ವೇವಾಡಿಯಿಂದ ಸ್ವಾರಗೇಟಿನವರೆಗೆ ಕಿರಾಣಿ ಅಂಗಡಿಗಳಿಗೆ ಹಂಚುವುದು ಅವನ ಕಸುಬು. ಬಿಸಿಲಿನಲ್ಲಿ ಗಾಡಿ ನಿಂತರೆ ಹಿಟ್ಟು ತಾಳುವುದಿಲ್ಲ. ಪ್ಯಾಕೆಟ್ಟುಗಳು ಉಬ್ಬಿ ದಿಂಬಿನಂತಾಗುತ್ತವೆ. ಅಂಗಡಿಯವರು ಮೂಸಿ ನೋಡಿ ವಾಪಸು ಕೊಡುತ್ತಾರೆ.

“ಕಾಕಾ, ಬೆಳಿಗ್ಗೆ ಒಂದೇ ಕಿಕ್ಕಿಗೆ ಏಳುತ್ತದೆ. ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿದೆನೋ, ಮುಗಿಯಿತು” ಎಂದ.

ಅಷ್ಟರಲ್ಲಾಗಲೇ ಕಿಡಿ ಹಾರಿಸುವ ಪ್ಲಗ್ಗು ಹೊಸದು, ಬ್ಯಾಟರಿ ಹೊಸದು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಎರಡು ಸಲ ತೊಳೆಸಿಯಾಗಿತ್ತು. ಪ್ರತಿ ಸಲವೂ ಅದೇ ಕಥೆ: ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಗಾಡಿ ತಣ್ಣಗಾಗಿರುತ್ತದೆ. ಮೆಕ್ಯಾನಿಕ್ ಬಂದು ಒಂದು ಕಿಕ್ ಹೊಡೆದರೆ ಎದ್ದು ನಿಲ್ಲುತ್ತದೆ. ದವಾಖಾನೆಯ ಮೆಟ್ಟಿಲು ಹತ್ತಿದೊಡನೆ ಹಲ್ಲುನೋವು ಮಾಯವಾಗುವ ಹಾಗೆ. ಆಮೇಲೆ ಮೆಕ್ಯಾನಿಕ್ ಏನು ಮಾಡಬೇಕು? ಕೈಗೆ ಸಿಕ್ಕ ಭಾಗವನ್ನು ಬದಲಿಸುತ್ತಾನೆ. ಅವನನ್ನು ದೂರುವುದರಲ್ಲಿ ಅರ್ಥವಿಲ್ಲ, ರೋಗವೇ ಅವನ ಕಣ್ಣಿಗೆ ಬಿದ್ದಿಲ್ಲ.

ಬಿಸಿಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಬಿಸಿಯಿರುವಾಗಲೇ ಹಿಡಿಯಬೇಕು. ಇದನ್ನು ನಾನು ಕಲಿತದ್ದು ಬೈಕಿನಿಂದಲ್ಲ, ವಿದ್ಯುತ್ ಮೋಟಾರುಗಳಿಂದ. ಭೋಸರಿಯಲ್ಲಿ ಬಹಳ ವರ್ಷ ಮೋಟಾರು ವೈಂಡಿಂಗ್, ಅಂದರೆ ಮೋಟಾರಿಗೆ ತಂತಿ ಸುತ್ತುವ ಕೆಲಸ, ಮಾಡಿದವನು ನಾನು. ಬೆಳಿಗ್ಗೆ ಚೆನ್ನಾಗಿ ತಿರುಗಿ ಮಧ್ಯಾಹ್ನದ ಹೊತ್ತಿಗೆ ಕೂತುಬಿಡುವ ಮೋಟಾರುಗಳು ದಿನಕ್ಕೊಂದಾದರೂ ಬರುತ್ತಿದ್ದವು. ಅವನ್ನು ತಣ್ಣಗಾಗಿಸಿ ಮೇಜಿನ ಮೇಲಿಟ್ಟು ಮೀಟರು ಹಿಡಿದರೆ ಎಲ್ಲವೂ ಸರಿ ಎಂದೇ ತೋರುತ್ತಿತ್ತು.

ಎಂಜಿನ್ನು ಏಳಬೇಕಾದರೆ ಮೂರು ಬೇಕು: ಹದವಾಗಿ ಬೆರೆತ ಪೆಟ್ರೋಲು ಮತ್ತು ಗಾಳಿ, ಆ ಮಿಶ್ರಣವನ್ನು ಅದುಮುವ ಒತ್ತಡ, ಸರಿಯಾದ ಗಳಿಗೆಯಲ್ಲಿ ಕಿಡಿ. ಬಿಸಿ ಈ ಮೂರನ್ನೂ ಕೆಡಿಸಬಲ್ಲದು, ಆದರೆ ಕೆಡಿಸುವ ರೀತಿ ಬೇರೆ ಬೇರೆ. ಹೀಗಾಗಿ ಮೊದಲ ಪ್ರಶ್ನೆ ‘ಏನು ಬದಲಿಸಲಿ’ ಎಂಬುದಲ್ಲ, ‘ಹೇಗೆ ನಿಂತಿತು’ ಎಂಬುದು. ಓಡುತ್ತಿದ್ದ ಗಾಡಿ ಯಾರೋ ಸ್ವಿಚ್ ಆರಿಸಿದಂತೆ ತಟ್ಟನೆ ಸತ್ತರೆ ಅನುಮಾನ ಕಿಡಿಯ ಮೇಲೆ. ಎರಡು ಮೂರು ಸಲ ತಡವರಿಸಿ, ಏದುಸಿರು ಬಿಟ್ಟು ನಿಂತರೆ ಪೆಟ್ರೋಲಿನ ಮೇಲೆ. ಚೆನ್ನಾಗಿಯೇ ಓಡಿ, ನೀವೇ ಆರಿಸಿದ ಮೇಲೆ ಮತ್ತೆ ಏಳದಿದ್ದರೆ ವಿಷಯ ಸ್ವಲ್ಪ ಸೂಕ್ಷ್ಮ. ಹುಡುಗನದು ಇದೇ ಜಾತಿ.

ಇದಕ್ಕೆಲ್ಲ ಮುಂಚೆ ಎಂಜಿನ್ನು ಆರಿಸುವ ಹ್ಯಾಂಡಲ್ಲಿನ ಕೆಂಪು ಕಿಲ್ ಸ್ವಿಚ್ಚನ್ನೂ ಸೈಡ್ ಸ್ಟ್ಯಾಂಡನ್ನೂ ಟ್ಯಾಂಕಿನಡಿಯ ನಲ್ಲಿಯಾದ ಪೆಟ್ರೋಲ್ ಕಾಕನ್ನೂ ನೋಡಿಬಿಡಿ. ನಗಬೇಡಿ. ಕಾತ್ರಜ್ ಘಾಟಿನಲ್ಲಿ ನಾನು ಕಾಲು ಗಂಟೆ ಕಿಕ್ ಹೊಡೆದ ಮೇಲೆ, ದಾರಿಹೋಕ ಮುದುಕರೊಬ್ಬರು ಒಂದು ಮಾತೂ ಆಡದೆ ಆ ಕೆಂಪು ಗುಂಡಿಯನ್ನು ಒತ್ತಿ ಮುಂದೆ ನಡೆದಿದ್ದರು.

ಈಗ ಪೆಟ್ರೋಲಿನ ಕಥೆ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಕಲಿತ ನಾವು ಪೆಟ್ರೋಲಿಗೂ ಅಂಥದ್ದೊಂದು ಅಂಕಿ ಇರಬೇಕು ಎಂದುಕೊಳ್ಳುತ್ತೇವೆ. ಇಲ್ಲ. ಪೆಟ್ರೋಲು ಒಂದೇ ದ್ರವವಲ್ಲ, ನೂರಾರು ದ್ರವಗಳ ಕಲಸುಮೇಲೋಗರ. ಅದರ ಹಗುರ ಭಾಗ ಸುಮಾರು 35ರಿಂದ 40 ಡಿಗ್ರಿಗೇ ಕುದಿಯತೊಡಗುತ್ತದೆ. ಭಾರದ ಭಾಗ 200 ಡಿಗ್ರಿಯ ಆಸುಪಾಸಿನವರೆಗೂ ತಾಳಿಕೊಳ್ಳುತ್ತದೆ. ಈಗ ನಮ್ಮ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಒಂದೇ ಇದ್ದರೆ 78 ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲಿನೊಂದಿಗೆ ಬೆರೆತಾಗ ಮಾತ್ರ ಅದು ಪೆಟ್ರೋಲಿನ ಕೆಲವು ಅಂಶಗಳ ಜೊತೆ ಸೇರಿಕೊಂಡು, ಎರಡೂ ಬೇರೆಬೇರೆಯಾಗಿದ್ದಾಗ ಕುದಿಯುವುದಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಆವಿಯಾಗುತ್ತದೆ. ಪುಣೆಯ ಮೇ ತಿಂಗಳಲ್ಲಿ ನೆರಳಿನಲ್ಲೇ 38, 40 ಡಿಗ್ರಿ ಇರುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ಟ್ಯಾಂಕನ್ನು ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಅಂದರೆ ಪೆಟ್ರೋಲು ಎಂಜಿನ್ನಿನ ಹತ್ತಿರ ಬರುವ ಮೊದಲೇ ಕುದಿಯುವ ಹೊಸ್ತಿಲಲ್ಲಿ ನಿಂತಿರುತ್ತದೆ.

ಗಾಡಿ ಓಡುವಾಗ ತೊಂದರೆಯಿಲ್ಲ. ಎದುರು ಗಾಳಿ ಎಂಜಿನ್ನಿನ ರೆಕ್ಕೆಗಳನ್ನು ತಣಿಸುತ್ತಿರುತ್ತದೆ, ಟ್ಯಾಂಕಿನಿಂದ ಬರುವ ಪೆಟ್ರೋಲು ಕಾರ್ಬುರೇಟರನ್ನು ತಣಿಸುತ್ತಿರುತ್ತದೆ. ನಿಲ್ಲಿಸಿದ ಕ್ಷಣ ಎರಡೂ ನಿಲ್ಲುತ್ತವೆ. ಎಂಜಿನ್ನಿನ ತಲೆ ಮಾತ್ರ ನೂರೈವತ್ತು ಡಿಗ್ರಿಯ ಸುಮಾರಿನಲ್ಲೇ ಇರುತ್ತದೆ. ಆ ಬಿಸಿ ಎಲ್ಲಿಗೆ ಹೋಗಬೇಕು? ಪಕ್ಕದಲ್ಲೇ ಅಂಟಿಕೊಂಡಿರುವ ಕಾರ್ಬುರೇಟರಿಗೆ ನಿಧಾನವಾಗಿ ಹರಿಯುತ್ತದೆ. ಹೀಗಾಗಿ ಗಾಡಿ ನಿಲ್ಲಿಸಿದ ಹತ್ತು ಹದಿನೈದು ನಿಮಿಷದ ಮೇಲೆ ಕಾರ್ಬುರೇಟರ್ ಓಡುವಾಗ ಇದ್ದುದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಇದು ಬಹಳ ಜನರ ಲೆಕ್ಕಕ್ಕೆ ಬರುವುದಿಲ್ಲ. ಸ್ವಲ್ಪ ಹೊತ್ತು ನಿಂತಿದೆ, ಅಷ್ಟಿಷ್ಟು ತಣ್ಣಗಾಗಿರಬೇಕು ಎಂದುಕೊಳ್ಳುತ್ತಾರೆ.

ಕಾರ್ಬುರೇಟರಿನ ತಳದಲ್ಲಿ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ಕೆಲವು ಚಮಚೆ ಪೆಟ್ರೋಲು ಸದಾ ನಿಂತಿರುತ್ತದೆ. ಬಟ್ಟಲು ಕಾದಾಗ ಅದು ಒಲೆಯ ಮೇಲಿನ ಹಾಲಿನಂತೆ ಉಕ್ಕಿ, ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲೇರಿ ಎಂಜಿನ್ನಿನ ಗಾಳಿದಾರಿಗೆ ಚೆಲ್ಲುತ್ತದೆ. ಈಗ ಕಿಕ್ ಹೊಡೆದರೆ ಸಿಲಿಂಡರಿಗೆ ಹೋಗುವುದು ಬರೀ ಪೆಟ್ರೋಲಿನ ಆವಿ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14 ಗ್ರಾಂ ಗಾಳಿ ಬೇಕು. ಗಾಳಿಯ ಪಾಲು ಅದರ ಅರ್ಧಕ್ಕೆ ಇಳಿದರೆ ಎಷ್ಟು ಒಳ್ಳೆಯ ಕಿಡಿಯಿದ್ದರೂ ಬೆಂಕಿ ಹತ್ತುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನೇ ‘ಓವರ್‌ಫ್ಲೋ’ ಎನ್ನುತ್ತಾರೆ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತದೆ, ಬಿಚ್ಚಿ ನೋಡಿದರೆ ಪ್ಲಗ್ಗು ಒದ್ದೆ.

ಇಂಥ ಹೊತ್ತಿನಲ್ಲಿ ಜನ ಮಾಡುವುದು ಎರಡು: ಚೋಕ್ ಎಳೆಯುತ್ತಾರೆ, ಆಕ್ಸಿಲರೇಟರನ್ನು ಮತ್ತೆ ಮತ್ತೆ ತಿರುಚುತ್ತಾರೆ. ಚೋಕ್ ಅಂದರೆ ಗಾಳಿಯನ್ನು ಕಡಿಮೆ ಮಾಡಿ ಪೆಟ್ರೋಲು ಹೆಚ್ಚಿಸುವ ಸಾಧನ. ಬಿಸಿ ಎಂಜಿನ್ನಿಗೆ ಚೋಕ್ ಎಳೆಯುವುದೆಂದರೆ ಹೊಟ್ಟೆಯುಬ್ಬರ ಬಂದವನಿಗೆ ಹೋಳಿಗೆ ಬಡಿಸಿದಂತೆ. ಮಾಡಬೇಕಾದದ್ದು ಇದರ ತಿರುಗುಮುರುಗು. ಚೋಕ್ ಪೂರ್ತಿ ಒಳಗೆ. ಆಕ್ಸಿಲರೇಟರನ್ನು ಕೊನೆಯವರೆಗೂ ತಿರುಗಿಸಿ ಹಾಗೆಯೇ ಹಿಡಿದು, ಬಿಡದೆ ಎಂಟು ಹತ್ತು ಕಿಕ್. ಥ್ರಾಟಲ್, ಅಂದರೆ ಆಕ್ಸಿಲರೇಟರ್ ತೆರೆಯುವ ಗಾಳಿಯ ಬಾಗಿಲು, ತೆರೆದಿರುವುದರಿಂದ ಗಾಳಿ ಧಾರಾಳವಾಗಿ ನುಗ್ಗಿ, ಕೂಡಿದ್ದ ಆವಿಯನ್ನು ಸೈಲೆನ್ಸರಿನ ಕಡೆಗೆ ತಳ್ಳುತ್ತದೆ. ಒಂದೆರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ ಎಂಜಿನ್ನು ಏಳುತ್ತದೆ. ಎದ್ದೊಡನೆ ಥ್ರಾಟಲ್ ಇಳಿಸಲು ಮರೆಯಬಾರದು, ಇಲ್ಲದಿದ್ದರೆ ಕಿರುಚುತ್ತದೆ.

ಅಂದು ಮಾರ್ಕೆಟ್ ಯಾರ್ಡಿನಲ್ಲಿ ಅದನ್ನೇ ಮಾಡಿಸಿದೆ. ಏಳನೆಯ ಕಿಕ್ಕಿಗೆ ಎದ್ದಿತು. ಹುಡುಗ ನನ್ನನ್ನು ಮಂತ್ರವಾದಿಯಂತೆ ನೋಡಿದ. ಆದರೆ ರೋಗ ವಾಸಿಯಾಗಿರಲಿಲ್ಲ. ಬಿಸಿಲಿನಲ್ಲಿ ಎಲ್ಲ ಗಾಡಿಗಳೂ ಸ್ವಲ್ಪ ಮುನಿಯುತ್ತವೆ. ದಿನಕ್ಕೆ ಎಂಟು ಸಲ ಯಾವ ಗಾಡಿಯೂ ಮುನಿಯಬಾರದು.

ಪೆಟ್ರೋಲಿನದೇ ಇನ್ನೊಂದು ಕಾಟ ಟ್ಯಾಂಕಿನ ಮುಚ್ಚಳದಲ್ಲಿದೆ. ಪೆಟ್ರೋಲು ಕೆಳಗಿಳಿದಷ್ಟೂ ಮೇಲಿನಿಂದ ಗಾಳಿ ಬರಲು ಮುಚ್ಚಳದಲ್ಲಿ ಸಣ್ಣ ದಾರಿಯಿರುತ್ತದೆ. ಧೂಳು ಕೂತು ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಪೆಟ್ರೋಲು ಇಳಿಯುವುದೇ ಇಲ್ಲ. ಹದಿನೈದು ಇಪ್ಪತ್ತು ನಿಮಿಷ ಓಡಿ, ಪೆಟ್ರೋಲು ಮುಗಿದಂತೆ ಏದುಸಿರು ಬಿಟ್ಟು ನಿಲ್ಲುತ್ತದೆ. ಮುಚ್ಚಳ ತೆರೆದಾಗ ‘ಸುಸ್’ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಎದ್ದರೆ ಕಳ್ಳ ಸಿಕ್ಕಂತೆ. ಅದೇ ಕಟ್ಟಿದ ಮುಚ್ಚಳ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಉಲ್ಟಾ ಕೆಲಸ ಮಾಡುತ್ತದೆ: ಒಳಗಿನ ಆವಿ ಉಬ್ಬಿ ಪೆಟ್ರೋಲನ್ನು ಕಾರ್ಬುರೇಟರಿನೊಳಗೆ ಒತ್ತುತ್ತದೆ. ಎಂಜಿನ್ನು ಕೆಂಡದಂತಿರುವಾಗ ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ, ಹತ್ತಿರದಲ್ಲಿ ಬೀಡಿ ಸೇದುವವರಿದ್ದರೆ ಓಡಿಸಿ.

ಟ್ಯಾಂಕನ್ನು ಕಂಠಮಟ್ಟ ತುಂಬಿಸುವುದೂ ಬೇಸಿಗೆಯಲ್ಲಿ ಒಳ್ಳೆಯದಲ್ಲ. ಹತ್ತು ಲೀಟರ್ ಪೆಟ್ರೋಲು 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಳೆಯ ಗಾಡಿಯಲ್ಲಿ ಅದು ನೆಲಕ್ಕೆ ತೊಟ್ಟಿಕ್ಕುತ್ತದೆ. ಹೊಸ ಗಾಡಿಗಳಲ್ಲಿ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದಿರುತ್ತದೆ. ಆವಿಗಾಗಿ ಇಟ್ಟ ಡಬ್ಬಿಗೆ ದ್ರವವೇ ನುಗ್ಗಿದರೆ ಅದು ಎಂಜಿನ್ನಿಗೆ ಬೇಡದ ಪೆಟ್ರೋಲು ಉಣಿಸತೊಡಗುತ್ತದೆ.

ಕಿಡಿಯ ವಿಷಯಕ್ಕೆ ಬಂದರೆ ನನ್ನ ಸ್ವಂತ ಊರಿಗೆ ಬಂದಂತೆ. ಕಿಡಿಯ ಹಿಂದೆ ತಂತಿ ಸುತ್ತಿದ ಸುರುಳಿಗಳಿವೆ. ಮ್ಯಾಗ್ನೆಟ್ಟಿನ ಬಳಿ ಕೂತು ‘ಈಗ’ ಎಂದು ಸನ್ನೆ ಕೊಡುವ ಪಲ್ಸರ್ ಕಾಯಿಲ್ ಒಂದು, ಹನ್ನೆರಡು ವೋಲ್ಟಿನ ವ್ಯವಸ್ಥೆಯಿಂದ ಹತ್ತು ಸಾವಿರ ವೋಲ್ಟಿಗೂ ಮೀರಿ ಎಬ್ಬಿಸುವ ಇಗ್ನಿಷನ್ ಕಾಯಿಲ್ ಇನ್ನೊಂದು. ತಂತಿ ಕೂದಲಿನಷ್ಟು ತೆಳು, ಮೇಲೆ ವಾರ್ನಿಶ್ಶಿನ ಪದರ. ವರ್ಷಗಟ್ಟಲೆ ಕಾದು ತಣಿದು, ಕಾದು ತಣಿದು ಎಲ್ಲೋ ಒಂದು ಕಡೆ ತಂತಿ ಬಿರುಕು ಬಿಡುತ್ತದೆ. ತಣ್ಣಗಿರುವಾಗ ಬಿರುಕಿನ ಎರಡು ತುದಿಗಳೂ ಮುಟ್ಟಿಕೊಂಡಿರುತ್ತವೆ. ಬಿಸಿಯಾದಾಗ ಸುತ್ತಲಿನ ಪ್ಲಾಸ್ಟಿಕ್ಕು ಹಿಗ್ಗಿ ತುದಿಗಳನ್ನು ದೂರ ಎಳೆಯುತ್ತದೆ, ಕಿಡಿ ಸಾಯುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಮುಟ್ಟಿಕೊಳ್ಳುತ್ತವೆ.

ಹಿಡಿಯುವುದು ಹೇಗೆ? ಗಾಡಿ ಬಿಸಿಯಲ್ಲಿ ನಿಂತ ಜಾಗದಲ್ಲೇ ಇನ್ನೊಂದು ಒಳ್ಳೆಯ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಖಾಲಿ ಲೋಹಕ್ಕೆ ತಾಗಿಸಿ ಕಿಕ್ ಹೊಡೆಯಬೇಕು. ಎಂಜಿನ್ನಿನಲ್ಲಿರುವ ಪ್ಲಗ್ಗನ್ನು ಬಿಚ್ಚಬೇಡಿ. ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಬರುವಾಗ ಪಕ್ಕದಲ್ಲೇ ಕಿಡಿ ಹಾರಿಸುವುದು ಜಾಣತನವಲ್ಲ. ನೀಲಿ ಕಿಡಿ ಚಟಪಟ ಎಂದರೆ ಕಾಯಿಲ್ ನಿರಪರಾಧಿ. ಕಿಡಿಯಿಲ್ಲದಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾಯಿರಿ; ಕಿಡಿ ಮರಳಿದರೆ ಅದೇ ಅಪರಾಧಿ. ಎಂಜಿನ್ನಿನ ತಲೆಗೆ ಮಾತ್ರ ನೀರು ಸುರಿಯಬಾರದು, ಕಾದ ಲೋಹ ಸೀಳಬಹುದು.

ಮೀಟರ್ ಇರುವವರಿಗೊಂದು ಮಾತು. ತಾಮ್ರದ ತಂತಿ ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರೋಧ ಸುಮಾರು ಶೇ. 39 ಏರುತ್ತದೆ. ತಣ್ಣಗಿದ್ದಾಗ 100 ಓಮ್ ತೋರಿಸಿದ ಸುರುಳಿ ಕಾದಾಗ 130 ತೋರಿಸಿದರೆ ಗಾಬರಿ ಬೇಡ, ಅದು ತಾಮ್ರದ ಸ್ವಭಾವ. ಅಂಕಿ ಕುಣಿದರೆ, ಇಲ್ಲವೇ ಏನೂ ತೋರದೆ ಹೋದರೆ ಸುರುಳಿ ಸತ್ತಿದೆ. ಪಲ್ಸರ್ ಕಾಯಿಲನ್ನು ಬಿಚ್ಚಿ ಹೇರ್ ಡ್ರೈಯರಿನಿಂದ ಕಾಯಿಸುತ್ತ ಅಳೆದರೆ ನಡುರಸ್ತೆಯ ರೋಗ ಮನೆಯ ಮೇಜಿನ ಮೇಲೇ ಬರುತ್ತದೆ. ಮನೆಯವರ ಡ್ರೈಯರಿಗೆ ಗ್ರೀಸು ಹತ್ತಿಸಿ ನಾನು ಬೈಸಿಕೊಂಡದ್ದು ಬೇರೆ ವಿಷಯ.

ಮೂರನೆಯದು ಒತ್ತಡ. ಸಿಲಿಂಡರಿನ ಬಾಗಿಲಾದ ವಾಲ್ವಿಗೂ ಅದನ್ನು ತಳ್ಳುವ ತೋಳಿಗೂ ನಡುವೆ ದಿನಪತ್ರಿಕೆಯ ಹಾಳೆಯಷ್ಟು ಸಂದು ಇರಬೇಕು. ಅನೇಕ ಸಣ್ಣ ಗಾಡಿಗಳಲ್ಲಿ ಇದು 0.05ರಿಂದ 0.10 ಮಿಲಿಮೀಟರ್, ನಿಮ್ಮ ಗಾಡಿಯ ಅಳತೆ ಅದರ ಕೈಪಿಡಿಯಲ್ಲಿದೆ. ಎಂಜಿನ್ನು ಪೂರ್ತಿ ತಣ್ಣಗಿದ್ದಾಗ ಇದನ್ನು ಹೊಂದಿಸಬೇಕು. ‘ಟಿಕ್ ಟಿಕ್ ಸದ್ದು ಬರುತ್ತಿದೆ’ ಎಂದು ಗಿರಾಕಿ ಗೊಣಗಿದಾಗ ಮೆಕ್ಯಾನಿಕ್ ಟ್ಯಾಪೆಟ್ ಬಿಗಿ ಮಾಡಿ, ಅಂದರೆ ಈ ಸಂದನ್ನು ಮುಚ್ಚಿ, ಕಳಿಸುತ್ತಾನೆ, ಸದ್ದು ನಿಲ್ಲುತ್ತದೆ, ಗಿರಾಕಿ ಖುಷಿ. ಕಾದಾಗ ವಾಲ್ವಿನ ಕಾಂಡ ಉದ್ದವಾಗಿ, ಸಂದು ಇಲ್ಲದ ಕಾರಣ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಗುರುತು ಸುಲಭ: ಬೆಳಿಗ್ಗೆ ಕಿಕ್ಕನ್ನು ನಿಧಾನವಾಗಿ ಕೈಯಿಂದ ಒತ್ತಿ ನೋಡಿ, ಮಧ್ಯಾಹ್ನ ಬಿಸಿಯಲ್ಲಿ ಮತ್ತೆ ಒತ್ತಿ ನೋಡಿ. ಬೆಳಗಿನ ಬಿಗಿ ಮಧ್ಯಾಹ್ನ ಇಲ್ಲದಿದ್ದರೆ ಟ್ಯಾಪೆಟ್ ನೋಡಿಸಿ. ತಡಮಾಡಿದರೆ ವಾಲ್ವೇ ಸುಡುತ್ತದೆ.

2020ರ ಏಪ್ರಿಲ್‌ನಿಂದ ಬಂದ, ಹೊಗೆಯ ಹೊಸ ನಿಯಮಕ್ಕೆ ಒಳಪಟ್ಟ ಬಿಎಸ್ 6 ಗಾಡಿಗಳಲ್ಲಿ ಬಹುಪಾಲಿನವಕ್ಕೆ ಕಾರ್ಬುರೇಟರ್ ಇಲ್ಲ, ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್ ಇದೆ. ಅಲ್ಲಿ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಇಟ್ಟಿರುವುದರಿಂದ ಕುದಿಯುವ ಕಾಟ ಬಹಳ ಕಡಿಮೆ. ಕೀ ತಿರುಗಿಸಿದಾಗ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ಬರುವ ‘ಝುಂಯ್’ ಸದ್ದನ್ನು ಕೇಳಿಸಿಕೊಳ್ಳಿ. ಬಿಸಿಯಲ್ಲಿ ಮಾತ್ರ ಅದು ಬರದಿದ್ದರೆ ಪಂಪನ್ನೋ ಅದಕ್ಕೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯನ್ನೋ ನೋಡಿಸಬೇಕು. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ, ಆದ್ದರಿಂದ ಬೇಸಿಗೆಯಿಡೀ ರಿಸರ್ವಿನಲ್ಲಿ ಓಡಿಸುವವರು ಅದರ ಆಯಸ್ಸು ಕಡಿಯುತ್ತಿರುತ್ತಾರೆ. ಉಷ್ಣತೆ ಅಳೆಯುವ ಸೆನ್ಸರ್ ಕೆಟ್ಟು ಕಾದ ಎಂಜಿನ್ನನ್ನು ತಣ್ಣಗಿದೆ ಎಂದು ವರದಿ ಮಾಡಿದರೂ ಚೋಕ್ ಎಳೆದ ಕಥೆಯೇ ಆಗುತ್ತದೆ. ಸೆಲ್ಫ್ ಒತ್ತಿದಾಗ ಬರೀ ಟಿಕ್ ಎಂದು ಸುಮ್ಮನಾದರೆ ಇದ್ಯಾವುದೂ ಅಲ್ಲ; ಬ್ಯಾಟರಿಯ ವೋಲ್ಟೇಜ್ ನೋಡಿ, ತುಂಬಿದ್ದರೆ 12.6ರ ಹತ್ತಿರ ಇರಬೇಕು.

ಹುಡುಗನ ಗಾಡಿಗೆ ಮರಳುತ್ತೇನೆ. ಕಿಡಿ ಬಿಸಿಯಲ್ಲೂ ನೀಲಿಯಾಗಿತ್ತು. ಮುಚ್ಚಳದಲ್ಲಿ ಸುಸ್ ಇರಲಿಲ್ಲ, ಕಿಕ್ಕಿನ ಬಿಗಿ ಬದಲಾಗಿರಲಿಲ್ಲ. ಪ್ಲಗ್ಗು ಒದ್ದೆ. ಉಕ್ಕುತ್ತಿರುವುದು ಖಚಿತವಾಯಿತು, ಯಾಕೆ ಉಕ್ಕುತ್ತಿದೆ ಎಂಬುದು ಉಳಿಯಿತು. ಭಾನುವಾರ ಮನೆಯ ಮುಂದೆ ಗೋಣಿಚೀಲ ಹಾಸಿ ಕಾರ್ಬುರೇಟರ್ ಬಿಚ್ಚಿದೆವು.

ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವೆ ಬೆರಳ ದಪ್ಪದ ಕಪ್ಪು ತುಂಡೊಂದು ಇರುತ್ತದೆ. ಬೇಕಲೈಟ್ ಎಂಬ ಗಡುಸು ಪ್ಲಾಸ್ಟಿಕ್ಕಿನ ಜಾತಿಯದು. ನೋಡಿದರೆ ಬರೀ ಜಾಗ ತುಂಬಿಸಲು ಇಟ್ಟಂತೆ ಕಾಣುತ್ತದೆ. ಎಂಜಿನ್ನಿನ ಬಿಸಿ ಕಾರ್ಬುರೇಟರಿಗೆ ದಾಟದಂತೆ ತಡೆಯುವ ಗೋಡೆ ಅದೇ. ಹುಡುಗನ ಗಾಡಿಯಲ್ಲಿ ಆ ಜಾಗದಲ್ಲಿ ಫಳಫಳ ಹೊಳೆಯುವ ಅಲ್ಯುಮಿನಿಯಂ ತುಂಡಿತ್ತು.

“ಇದು ಯಾವಾಗ ಹಾಕಿಸಿದ್ದು?”

“ಚಳಿಗಾಲದಲ್ಲಿ, ಕಾಕಾ. ಹಳೆಯದು ಸೀಳಿತ್ತು. ಪ್ಲಾಸ್ಟಿಕ್ಕು ಮತ್ತೆ ಸೀಳುತ್ತದೆ, ಇದು ಜೀವಮಾನ ಬರುತ್ತದೆ ಎಂದು ಲೇತಿನಲ್ಲಿ ಮಾಡಿಸಿ ಕೊಟ್ಟರು.”

ಜೀವಮಾನ ಬರುವುದರಲ್ಲಿ ಸಂದೇಹವಿರಲಿಲ್ಲ. ಆದರೆ ಅಲ್ಯುಮಿನಿಯಂ ಬಿಸಿಯನ್ನು ಬೇಕಲೈಟಿಗಿಂತ ಸುಮಾರು ಸಾವಿರ ಪಟ್ಟು ಸಲೀಸಾಗಿ ದಾಟಿಸುತ್ತದೆ. ಗೋಡೆಯನ್ನು ಕೆಡವಿ ಬಾಗಿಲು ಇಟ್ಟಂತಾಗಿತ್ತು. ಡಿಸೆಂಬರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಏಪ್ರಿಲ್ ಬಂದ ಮೇಲೆ ಕಾರ್ಬುರೇಟರ್ ಒಲೆಯಾಯಿತು. ಅದನ್ನು ಮಾಡಿಕೊಟ್ಟವರದು ಮೋಸವಲ್ಲ, ಲೇತಿನ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆ, ಅಷ್ಟೆ. ವೈಂಡಿಂಗ್ ಮಾಡುವವನಿಗೆ ಮಾತ್ರ ಬೇಕಲೈಟ್ ಕಂಡರೆ ಗೌರವ ಹುಟ್ಟುತ್ತದೆ.

ನಾನಾ ಪೇಠಿನ ಬಿಡಿಭಾಗಗಳ ಅಂಗಡಿಯಿಂದ ಸರಿಯಾದ ತುಂಡನ್ನೂ ಎರಡು ಹೊಸ ರಬ್ಬರ್ ರಿಂಗುಗಳನ್ನೂ ತಂದು ಜೋಡಿಸಿದೆವು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಬೇಕೆಂದೇ ಕಾತ್ರಜ್ ಘಾಟು ಹತ್ತಿಸಿ, ಹಳೆಯ ಸುರಂಗದ ಬಳಿ ಬಿಸಿಲಲ್ಲೇ ಗಾಡಿ ನಿಲ್ಲಿಸಿದೆವು. ಹದಿನೈದು ನಿಮಿಷ ಗಡಿಯಾರ ನೋಡುತ್ತ ಕೂತೆವು. ಕಾರ್ಬುರೇಟರಿನ ಬಟ್ಟಲಿಗೆ ಬೆರಳಿಟ್ಟೆ, ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು.

ಹುಡುಗ ಮಾತ್ರ ಬೆಳಗಿನ ಸುತ್ತಿನಲ್ಲಿ ಮಿಕ್ಕಿದ್ದ ನಾಲ್ಕು ಪ್ಯಾಕೆಟ್ಟುಗಳನ್ನು ಚೀಲದಿಂದ ತೆಗೆಯುವುದನ್ನು ಮರೆತಿದ್ದ. ಅವು ಉಬ್ಬಿದ್ದವು.